ಕಪ್ಪು ಬಟ್ಟೆಯ ಮೇಲಿನ ಧೂಳು

ಪ್ರಶ್ನೆ: ನಾವು ಮುಂಬೈನ ಮುಲುಂಡ್‌ನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿದ್ದೇವೆ. ಕಳೆದ ಭಾನುವಾರ ಒಬ್ಬ ಹುಡುಗ ವ್ಯಾಕ್ಯೂಮ್ ಕ್ಲೀನರ್ ಡೆಮೊ ಕೊಡಲು ಬಂದಿದ್ದ. ನಮ್ಮ ಹಾಸಿಗೆಯಿಂದ ಧೂಳು ಎಳೆದು ಕಪ್ಪು ಬಟ್ಟೆಗಳ ಮೇಲೆ ತೋರಿಸಿದ. ನೋಡಿ ನಾಚಿಕೆಯಾಯಿತು. ಅತ್ತೆಗೆ ಉಬ್ಬಸ ಇದೆ. ಅದಕ್ಕೆ ಈ ಹಾಸಿಗೆಯೇ ಕಾರಣ ಎಂದ. ಬೆಲೆ 42,000 ರೂಪಾಯಿ, ಆವತ್ತೇ ಹೂಂ ಅಂದರೆ 31,500 ಎಂದ. ಮಗ ಆನ್‌ಲೈನ್‌ನಲ್ಲಿ 2000 ವ್ಯಾಟ್‌ನ ಯಂತ್ರ 6,000ಕ್ಕೆ ಇದೆ ಎನ್ನುತ್ತಾನೆ. ಮಗಳಿಗೆ ತಾನೇ ಓಡಾಡಿ ನೆಲ ಗುಡಿಸುವ ರೋಬೋ ಬೇಕಂತೆ. ಶನಿವಾರ ಆ ಹುಡುಗ ಮತ್ತೆ ಫೋನ್ ಮಾಡುತ್ತಾನೆ. ಏನು ಹೇಳಲಿ ಸರ್?

ಉತ್ತರ:

ಮೊದಲು ಒಂದು ಮಾತು. ನಾಚಿಕೆಪಡುವಂಥದ್ದು ನಿಮ್ಮ ಮನೆಯಲ್ಲಿ ಏನೂ ಇಲ್ಲ. ಐದಾರು ವರ್ಷ ಜನ ಮಲಗಿದ ಯಾವ ಹಾಸಿಗೆಯಿಂದಾದರೂ ಅಷ್ಟು ಧೂಳು ಬಂದೇ ಬರುತ್ತದೆ. ನನ್ನ ಮನೆಯ ಹಾಸಿಗೆಯಿಂದಲೂ ಬರುತ್ತದೆ. ಆ ಹುಡುಗನ ಸ್ವಂತ ಹಾಸಿಗೆಯಿಂದಲೂ ಬರುತ್ತದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ತೊಂಬತ್ತರ ದಶಕದ ಶುರುವಿನಲ್ಲಿ ನಾನೂ ಟೈ ಕಟ್ಟಿಕೊಂಡು, ಕೈಯಲ್ಲಿ ಯಂತ್ರದ ಡಬ್ಬ ಹಿಡಿದು, ಲೋಕಲ್ ಟ್ರೈನಿನಲ್ಲಿ ನೇತಾಡಿ, ಚೆಂಬೂರ್, ಘಾಟ್‌ಕೋಪರ್, ಮುಲುಂಡ್‌ನ ಬಿಲ್ಡಿಂಗ್‌ಗಳನ್ನು ಹತ್ತಿಳಿದವನು. ಆಮೇಲೆ ಅಂಗಡಿ ಕೌಂಟರ್‌ನಲ್ಲಿ ನಿಂತೆ. ಈಗ ರಿಪೇರಿ ಮತ್ತು ಸ್ಪೇರ್ ಪಾರ್ಟ್ಸ್ ಕೆಲಸ. ಮಾರುವಾಗ ಕಾಣದ ಎಷ್ಟೋ ವಿಷಯ ರಿಪೇರಿ ಮೇಜಿನ ಮೇಲೆ ಕಾಣುತ್ತದೆ.

ನಿಮ್ಮ ಮನೆಯಲ್ಲಿ ನಡೆದದ್ದು ಏನು ಅಂತ ಒಂದೊಂದಾಗಿ ಹೇಳುತ್ತೇನೆ. ಹುಡುಗ ಒಳಗೆ ಬಂದವನೇ ನೀರು ಕೇಳಿರುತ್ತಾನೆ. ಮನೆಯಲ್ಲಿ ಎಷ್ಟು ಜನ, ಮಕ್ಕಳಿದ್ದಾರಾ, ಯಾರಿಗಾದರೂ ಸೀನು, ಕೆಮ್ಮು, ಅಲರ್ಜಿ ಇದೆಯಾ ಎಂದು ವಿಚಾರಿಸಿರುತ್ತಾನೆ. ಅತ್ತೆಯ ಉಬ್ಬಸದ ವಿಷಯ ಅವನಿಗೆ ಗೊತ್ತಾಗಿದ್ದು ಹೀಗೆ. ಆಮೇಲೆ ಹಾಲ್ ಬಿಟ್ಟು ನೇರವಾಗಿ ಬೆಡ್‌ರೂಮಿಗೆ ಹೋಗಿರುತ್ತಾನೆ. ಟೈಲ್ಸ್ ನೆಲದ ಮೇಲೆ ತೋರಿಸಲು ಏನೂ ಇಲ್ಲ, ಬೆಳಿಗ್ಗೆಯೇ ಕೆಲಸದ ಮಾವ್ಶಿ ಗುಡಿಸಿ ಒರೆಸಿ ಹೋಗಿರುತ್ತಾಳೆ. ಯಂತ್ರದ ಬಾಯಿಗೆ ಒಂದು ಪುಟ್ಟ ಕಪ್ಪು ಬಟ್ಟೆ ಸಿಕ್ಕಿಸಿ, ಹಾಸಿಗೆಯ ಒಂದಡಿ ಜಾಗದಲ್ಲಿ ಹತ್ತು ಸಲ ಎಳೆದು, ಬಟ್ಟೆ ತೆಗೆದು ನಿಮ್ಮ ಮುಂದೆ ಇಟ್ಟಿರುತ್ತಾನೆ. ಮತ್ತೊಂದು ಬಟ್ಟೆ, ಮತ್ತೊಂದು ಜಾಗ. ಸೋಫಾ, ದಿಂಬು, ಕರ್ಟನ್. ಅರ್ಧ ಗಂಟೆಯಲ್ಲಿ ನಿಮ್ಮ ಹಾಲ್ ತುಂಬ ಬೂದಿ ಬಳಿದ ಬಟ್ಟೆಗಳ ಸಾಲು. ಒಂದನ್ನೂ ಎತ್ತಿ ಬಿಸಾಡುವುದಿಲ್ಲ, ಗಮನಿಸಿದಿರಾ? ರೇಟು ಹೇಳುವ ಹೊತ್ತಿಗೆ ಅವೆಲ್ಲ ನಿಮ್ಮ ಕಣ್ಣ ಮುಂದೆಯೇ ಇರಬೇಕು. ನಮಗೆ ಹಾಗೆಯೇ ಕಲಿಸಿದ್ದರು.

ಒಂದು ಚಮಚ ಧೂಳನ್ನು ಹದಿನೈದು ಕಪ್ಪು ಬಟ್ಟೆಗಳ ಮೇಲೆ ತೆಳ್ಳಗೆ ಹರಡಿದರೆ ಬುಟ್ಟಿ ತುಂಬ ಇದ್ದ ಹಾಗೆ ಕಾಣುತ್ತದೆ. ಅಲ್ಲಿ ಕಂಡದ್ದು ಜಾಸ್ತಿ ಪಾಲು ನಮ್ಮ ಮೈಯಿಂದ ಉದುರಿದ ಚರ್ಮದ ಪುಡಿ ಮತ್ತು ಹತ್ತಿಯ ನವಿರು ಎಳೆ.

ಧೂಳನ್ನು ಕಣ್ಣಿಗೆ ಕಾಣಿಸಿ ಯಂತ್ರ ಮಾರುವ ಈ ಉಪಾಯ ಯಂತ್ರದಷ್ಟೇ ಹಳೆಯದು. 1901ರಲ್ಲಿ ಲಂಡನ್‌ನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಧೂಳು ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಎಷ್ಟು ದೊಡ್ಡದು ಎಂದರೆ ಕುದುರೆ ಗಾಡಿಯ ಮೇಲೆ ಬರುತ್ತಿತ್ತು. ಗಾಡಿ ರಸ್ತೆಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಪೈಪುಗಳು ಕಿಟಕಿಯಿಂದ ಮನೆಯೊಳಗೆ ಹೋಗುತ್ತಿದ್ದವು. ಪೈಪಿನಲ್ಲಿ ಒಂದಿಷ್ಟು ಭಾಗ ಪಾರದರ್ಶಕ. ಧೂಳು ಹರಿದುಹೋಗುವುದನ್ನು ನೋಡಲು ಶ್ರೀಮಂತರ ಮನೆ ಹೆಂಗಸರು ಗೆಳತಿಯರನ್ನು ಚಹಾಕ್ಕೆ ಕರೆಯುತ್ತಿದ್ದರಂತೆ. ಅಮೆರಿಕದಲ್ಲಿ ಜೇಮ್ಸ್ ಸ್ಪ್ಯಾಂಗ್ಲರ್ ಎಂಬಾತ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ. ಅವನಿಗೂ ನಿಮ್ಮ ಅತ್ತೆಯ ಹಾಗೆ ಉಬ್ಬಸ. ಅದರ ಕಾಟ ತಡೆಯಲಾರದೆ ಕೈಯಲ್ಲಿ ನೂಕುವ ಯಂತ್ರ ಮಾಡಿಕೊಂಡ. ಆ ಹಕ್ಕನ್ನು 1908ರಲ್ಲಿ ವಿಲಿಯಂ ಹೂವರ್ ಕೊಂಡುಕೊಂಡ. ಅದೇ ವರ್ಷ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ: ಹತ್ತು ದಿನ ಮನೆಯಲ್ಲಿಟ್ಟುಕೊಂಡು ಬಳಸಿ ನೋಡಿ, ದುಡ್ಡು ಬೇಡ. ಸ್ವೀಡನ್‌ನ ಎಲೆಕ್ಟ್ರೋಲಕ್ಸ್ ಕಂಪನಿ ಮನೆ ಬಾಗಿಲಿಗೆ ಮಾರಾಟಗಾರರನ್ನು ಕಳಿಸಿ ಬೆಳೆಯಿತು.

ಮನೆ ಬಾಗಿಲಿಗೆ ಬಂದು ಮಾರುವ ಆ ಪದ್ಧತಿ ನಮ್ಮ ದೇಶಕ್ಕೆ ದೊಡ್ಡ ಮಟ್ಟದಲ್ಲಿ ಬಂದದ್ದು 1982ರಲ್ಲಿ, ಎಲೆಕ್ಟ್ರೋಲಕ್ಸ್ ಮತ್ತು ಫೋರ್ಬ್ಸ್ ಸೇರಿ ಯುರೇಕಾ ಫೋರ್ಬ್ಸ್ ಎಂಬ ಕಂಪನಿ ಮಾಡಿದಾಗ. ಆಗ ಇಲ್ಲಿ ವ್ಯಾಕ್ಯೂಮ್ ಕ್ಲೀನರ್ ಅಂದರೆ ಏನು ಎಂದೇ ಜನರಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಇಟ್ಟರೆ ಕೇಳುವವರಿಲ್ಲ. ಮನೆಗೇ ಹೋಗಿ, ಸ್ವಿಚ್ ಹಾಕಿ, ತೋರಿಸಿಯೇ ಮಾರಬೇಕಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಎಷ್ಟೋ ಮನೆಗಳಿಗೆ ಒಳ್ಳೆಯ ಯಂತ್ರ ಹೋದದ್ದೂ ಹಾಗೆಯೇ.

ಮುಂದಿನ ಕಥೆಯಲ್ಲೂ ಅದೇ ಎಳೆ ಇದೆ. ಬ್ರಿಟನ್ನಿನ ಸಂಶೋಧಕ ಜೇಮ್ಸ್ ಡೈಸನ್ 5,127 ಪ್ರಯೋಗದ ಮಾದರಿ ಮಾಡಿದ ಮೇಲೆ 1993ರಲ್ಲಿ ತನ್ನ ಹೆಸರಿನ ಮೊದಲ ಯಂತ್ರ ತಂದ. ಅದರ ಧೂಳಿನ ಡಬ್ಬ ಪಾರದರ್ಶಕ. ಕೊಳೆ ನೋಡಲು ಯಾರಿಗೆ ಇಷ್ಟ ಎಂದು ವ್ಯಾಪಾರಿಗಳು ಹೇಳಿದರು. ಜನ ಅದನ್ನು ನೋಡಿಯೇ ಕೊಂಡರು. 2021ರಲ್ಲಿ ಅದೇ ಕಂಪನಿ ನೆಲದ ಮೇಲೆ ಹಸಿರು ಲೇಸರ್ ಬೆಳಕು ಬಿಟ್ಟು ಧೂಳಿನ ಕಣ ಎದ್ದು ಕಾಣುವ ಹಾಗೆ ಮಾಡಿತು. ಬೂತ್‌ನ ಪೈಪು, ಹುಡುಗನ ಕಪ್ಪು ಬಟ್ಟೆ, ಈ ಹಸಿರು ಬೆಳಕು, ಮೂರರ ಕೆಲಸವೂ ಒಂದೇ.

ಇಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ವಿಷಯ ಒಂದೇ. ಡೆಮೊ ತೋರಿಸುವುದು ನಿಮ್ಮ ಮನೆಯ ಧೂಳನ್ನು. ಆ ಯಂತ್ರ ಬೇರೆ ಯಂತ್ರಕ್ಕಿಂತ ಹೆಚ್ಚು ಎಂಬುದನ್ನು ಅಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಪಕ್ಕದ ಮನೆಯಲ್ಲಿ ಯಾವುದಾದರೂ ಹಳೆಯ, ಸಾಧಾರಣ ಯಂತ್ರ ಇರುತ್ತದೆ. ತಂದಿಟ್ಟುಕೊಳ್ಳಿ. ಹುಡುಗ ಒಂದು ಜಾಗದಲ್ಲಿ ತನ್ನ ಯಂತ್ರ ಓಡಿಸಿ, ಇನ್ನು ಧೂಳಿಲ್ಲ ಎಂದ ಮೇಲೆ ಅದೇ ಜಾಗದಲ್ಲಿ ಪಕ್ಕದ ಮನೆಯ ಯಂತ್ರಕ್ಕೆ ಅವನದೇ ಕಪ್ಪು ಬಟ್ಟೆ ಸಿಕ್ಕಿಸಿ ಎಳೆಯಿರಿ. ಅದರಲ್ಲೂ ಧೂಳು ಬರುತ್ತದೆ. ಹಾಸಿಗೆ ಅಂದರೆ ಹಾಗೆ, ಎಳೆದಷ್ಟೂ ಕೊಡುತ್ತಲೇ ಇರುತ್ತದೆ. ಅವನು ಮಾಡುವಾಗ ಯಾವಾಗಲೂ ನಿಮ್ಮ ಯಂತ್ರ ಮೊದಲು, ಅವನದು ಆಮೇಲೆ. ಕ್ರಮ ಅದಲುಬದಲು ಮಾಡಿದರೆ ಸಾಕು.

ಇನ್ನೂ ನೆಟ್ಟಗೆ ಅಳೆಯಬೇಕೇ? ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಒಂದು ದಪ್ಪ ಕಾಲೊರಸು ಚೆನ್ನಾಗಿ ಕೊಡವಿ ತೂಗಿ. ಅದರ ಮೇಲೆ 50 ಗ್ರಾಂ ಚಿರೋಟಿ ರವೆ ಹಾಕಿ ಅಂಗೈಯಿಂದ ಒಳಕ್ಕೆ ಇಳಿಯುವ ಹಾಗೆ ಉಜ್ಜಿ. ಯಂತ್ರವನ್ನು ಹತ್ತು ಸಲ ಎಳೆದು ಮತ್ತೆ ತೂಗಿ. ಎಷ್ಟು ಗ್ರಾಂ ಹೋಯಿತು, ಎಷ್ಟು ಉಳಿಯಿತು ಎಂಬುದು ತಕ್ಕಡಿಯಲ್ಲಿ ಇರುತ್ತದೆ. 31,500ರ ಯಂತ್ರಕ್ಕೂ 6,000ದ ಯಂತ್ರಕ್ಕೂ ಇದೇ ಪರೀಕ್ಷೆ ಮಾಡಿ. ನನ್ನ ಗಿರಾಕಿಗಳಿಗೆ ಇದನ್ನು ಹೇಳಿಕೊಟ್ಟ ಮೇಲೆ ಎಷ್ಟೋ ಜನ ನಿಧಾನವಾಗಿ ಯೋಚಿಸಿ ಕೊಂಡಿದ್ದಾರೆ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಾಸಿಗೆಯಲ್ಲಿ ಧೂಳಿನ ಹುಳ ಇರುತ್ತದೆ ಎಂದು ಅವನು ಹೇಳಿದ್ದು ಸುಳ್ಳಲ್ಲ. ಉದುರಿದ ಚರ್ಮದ ಪುಡಿ ತಿಂದು ಬದುಕುವ ಜೀವಿ ಅದು. ಉದ್ದ ಒಂದು ಮಿಲಿಮೀಟರ್‌ನ ಕಾಲು ಭಾಗ. ಬಟ್ಟೆಯ ಮೇಲೆ ಬೆರಳಿಟ್ಟು ‘ನೋಡಿ, ಇದೇ ಹುಳ’ ಎಂದು ತೋರಿಸಲು ಆಗುವಂಥದ್ದಲ್ಲ. ಗಾಳಿಯ ತೇವ ಹೀರಿ ಬದುಕುವುದರಿಂದ ಮುಂಬೈ ಹವೆ ಅದಕ್ಕೆ ಹೇಳಿಮಾಡಿಸಿದ್ದು. ಕಾಲಿನಿಂದ ನೂಲಿನ ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಸಿಗೆಯ ಒಳಗೆ ಕೂತಿರುತ್ತದೆ. ಯಂತ್ರ ಮೇಲಿನ ಪುಡಿಯನ್ನು ಎಳೆಯುತ್ತದೆ, ಒಳಗಿನ ಜೀವಂತ ಹುಳ ಜಾಸ್ತಿ ಪಾಲು ಅಲ್ಲೇ ಉಳಿಯುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ.

ಇದಕ್ಕೆ 31,500ರ ಔಷಧ ಬೇಕಿಲ್ಲ. ಬೆಡ್‌ಶೀಟ್ ಮತ್ತು ದಿಂಬಿನ ಕವರನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯಿರಿ, ಹುಳ ಸಾಯುತ್ತದೆ. ಹಾಸಿಗೆಗೆ ಜಿಪ್ ಇರುವ, ಒತ್ತು ನೇಯ್ಗೆಯ ಪೂರ್ತಿ ಮುಚ್ಚುವ ಕವರ್ ಹಾಕಿ. ಮಳೆಗಾಲ ಮುಗಿದ ಮೇಲೆ ಬಿಸಿಲು ಸಿಕ್ಕ ದಿನ ಗಾದಿಯನ್ನು ಟೆರೇಸಿಗೆ ಒಯ್ದು ಚೆನ್ನಾಗಿ ಒಣಗಿಸಿ. ನಮ್ಮ ಅಮ್ಮಂದಿರು ಊರಲ್ಲಿ ಮಾಡುತ್ತಿದ್ದದ್ದೂ ಇದೇ ಅಲ್ವಾ? ಮತ್ತೆ, ಉಬ್ಬಸಕ್ಕೆ ಕಾರಣ ಹಾಸಿಗೆಯೋ ಬೇರೆಯೋ ಎಂದು ಹೇಳಬೇಕಾದವರು ಎದೆಯ ಡಾಕ್ಟರು. ಮುಲುಂಡ್‌ನಲ್ಲಿ ಸುತ್ತಮುತ್ತ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಿದ್ದರೆ ಆ ಧೂಳೂ ಇದೆ, ಗೋಡೆಯ ಬೂಷ್ಟೂ ಇದೆ. ಮನೆಗೆ ಬಂದ ಮಾರಾಟಗಾರ ಒಬ್ಬರ ಕಾಯಿಲೆಗೆ ಕಾರಣ ಹೇಳುವುದು ನನಗೆ ಸಹಿಸಲು ಆಗುವುದಿಲ್ಲ.

ಯಾಕೆ ಎಂದು ಹೇಳಿಬಿಡುತ್ತೇನೆ. ನಾನೂ ಅದನ್ನು ಮಾಡಿದ್ದೇನೆ. ಚೆಂಬೂರ್‌ನಲ್ಲಿ ಮಂಗಳೂರು ಕಡೆಯ ಒಬ್ಬ ಅಮ್ಮನ ಮನೆ. ಮಗುವಿನ ಹಾಸಿಗೆಯಿಂದ ಧೂಳು ತೆಗೆದು ತೋರಿಸಿದೆ. ಅವರು ಸೆರಗಿನ ತುದಿಯಿಂದ ಆ ಬಟ್ಟೆಯನ್ನು ಮುಟ್ಟಿ ನೋಡಿದರು. ‘ಇಷ್ಟು ದಿನ ಇದರ ಮೇಲೆ ಮಲಗಿಸಿದೆನಾ ಮಗೂನ?’ ಎಂದು ಕಣ್ಣೀರು ಹಾಕಿದರು. ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡು ಫಾರ್ಮ್ ಮುಂದಿಡಬೇಕು ಎಂದು ನಮಗೆ ಕಲಿಸಿದ್ದರು. ಹಾಗೇ ಮಾಡಿದೆ. ಅವರು ಸಹಿ ಹಾಕಿದರು, ನನಗೆ ಕಮಿಷನ್ ಬಂತು. ಎರಡು ವರ್ಷದ ಮೇಲೆ ಅದೇ ಬಿಲ್ಡಿಂಗ್‌ಗೆ ಸರ್ವಿಸ್‌ಗೆಂದು ಹೋದಾಗ ಅವರ ಮನೆಗೂ ಹೋದೆ. ಯಂತ್ರ ಲಾಫ್ಟ್ ಮೇಲಿತ್ತು. ಪೈಪಿಗೆ ಪೇಪರ್ ಸುತ್ತಿ ದಾರ ಕಟ್ಟಿ ಇಟ್ಟಿದ್ದರು. ‘ಭಾರ ಜಾಸ್ತಿ ಮಗಾ, ನನ್ನ ಕೈಲಿ ಇಳಿಸಲಿಕ್ಕೆ ಆಗುವುದಿಲ್ಲ’ ಎಂದರು. ಬೈಯಲಿಲ್ಲ. ಚಹಾ ಕೊಟ್ಟರು. ಆ ಮನೆ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ಬೆಲೆ. 42,000 ಎಂಬ ಅಂಕಿ ಹೇಗೆ ಬಂತು? ಎಂಆರ್‌ಪಿ ಎಂದರೆ ಇದಕ್ಕಿಂತ ಹೆಚ್ಚಿಗೆ ಮಾರಬಾರದು ಎಂಬ ಮಿತಿ. ಆ ಮಿತಿಯನ್ನು ಬರೆಯುವವರು ತಯಾರಕರು ಅಥವಾ ಆಮದು ಮಾಡುವವರೇ. ಎಷ್ಟು ಎತ್ತರಕ್ಕೆ ಬೇಕಾದರೂ ಬರೆಯಬಹುದು. ಹಾಗಾಗಿ ಎಂಆರ್‌ಪಿಯಿಂದ ಎಷ್ಟು ಇಳಿಸಿದರು ಎಂಬುದು ಲೆಕ್ಕವೇ ಅಲ್ಲ. ಬೇರೆ ಕಡೆ ಅದೇ ಮಾಡೆಲ್ ಎಷ್ಟಕ್ಕೆ ಸಿಗುತ್ತದೆ ಎಂಬುದೇ ಲೆಕ್ಕ. ‘ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳುತ್ತೇನೆ’ ಎಂದು ಬಾಲ್ಕನಿಗೆ ಹೋಗಿ ಬಂದು ಹತ್ತು ಸಾವಿರ ಇಳಿಸಿದನಾ? ಆ ಇಳಿತ ಅವನು ಮನೆಗೆ ಬರುವ ಮೊದಲೇ ನಿಗದಿಯಾಗಿರುತ್ತದೆ. ಹಳೇ ಯಂತ್ರಕ್ಕೆ ಕೊಡುವ ಎಕ್ಸ್‌ಚೇಂಜ್ ದುಡ್ಡೂ ಹಾಗೆಯೇ. ‘ಜಿಎಸ್‌ಟಿ ಬೇರೆ’ ಎಂದರೆ ಮಾತ್ರ ಒಪ್ಪಬೇಡಿ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರಬೇಕು. 2018ರ ಜುಲೈನಲ್ಲಿ ವ್ಯಾಕ್ಯೂಮ್ ಕ್ಲೀನರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಬಿಲ್ ನೋಡುವಾಗ ಅದೂ ನೆನಪಿರಲಿ.

ಕಂತಿನ ಮಾತೂ ಬಂದಿರಬೇಕು. 2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ‘ಸೊನ್ನೆ ಬಡ್ಡಿ’ ಎಂಬುದೇ ಇಲ್ಲ ಎಂದು ಬ್ಯಾಂಕುಗಳಿಗೆ ಹೇಳಿ ಅಂಥ ಸ್ಕೀಮುಗಳನ್ನು ನಿಲ್ಲಿಸಿತು. ಈಗ ಬರುವ ‘ನೋ ಕಾಸ್ಟ್ ಇಎಂಐ’ಯಲ್ಲಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟೇ ಮೊತ್ತವನ್ನು ಡಿಸ್ಕೌಂಟ್ ಎಂದು ತೋರಿಸುತ್ತಾರೆ. ಪ್ರೊಸೆಸಿಂಗ್ ಫೀ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ನಿಮ್ಮ ತಲೆಗೇ. ಒಟ್ಟಿಗೆ ದುಡ್ಡು ಕೊಟ್ಟರೆ ಎಷ್ಟು ಎಂದು ಕೇಳಿದರೆ ನಿಜವಾದ ಬೆಲೆ ಗೊತ್ತಾಗುತ್ತದೆ.

ಉಚಿತ ಉಡುಗೊರೆಯ ಬಗ್ಗೆ ಒಂದು ದೊಡ್ಡ ಕಥೆ ಇದೆ. 1992ರಲ್ಲಿ ಬ್ರಿಟನ್‌ನಲ್ಲಿ ಹೂವರ್ ಕಂಪನಿ 100 ಪೌಂಡ್‌ಗಿಂತ ಜಾಸ್ತಿ ಖರೀದಿಗೆ ಎರಡು ವಿಮಾನ ಟಿಕೆಟ್ ಪುಕ್ಕಟೆ ಎಂದಿತು. ಮೊದಲು ಯುರೋಪಿಗೆ, ಆಮೇಲೆ ಅಮೆರಿಕಕ್ಕೂ. ಜನ ಮುಗಿಬಿದ್ದರು. ಯಂತ್ರ ಯಾರಿಗೂ ಬೇಕಿರಲಿಲ್ಲ, ಟಿಕೆಟ್ ಬೇಕಿತ್ತು. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ಹೊಡೆತ ಬಿತ್ತು. ಟಿಕೆಟ್ ಸಿಗದೆ ಕೋರ್ಟಿಗೆ ಹೋದವರೂ ಇದ್ದರು. ಮಿಕ್ಸರ್, ಸೂಟ್‌ಕೇಸ್, ಗಿಫ್ಟ್ ವೋಚರ್ ನೋಡಿ ಯಂತ್ರ ತೆಗೆದುಕೊಳ್ಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಮಗ ಹೇಳಿದ 2000 ವ್ಯಾಟ್‌ಗೆ ಸ್ವಲ್ಪ ಸಮಯ ಕೊಡೋಣ, ಏಕೆಂದರೆ ಇಲ್ಲಿ ಓದು ಬಲ್ಲವರೂ ಮೋಸಹೋಗುತ್ತಾರೆ. ಡಬ್ಬದ ಮೇಲಿನ ವ್ಯಾಟ್ ಎಂದರೆ ಮೋಟಾರ್ ನುಂಗುವ ಕರೆಂಟ್. ಎಷ್ಟು ಧೂಳು ಎಳೆಯುತ್ತದೆ ಎಂಬುದಲ್ಲ. ಯುರೋಪಿನಲ್ಲಿ 2014ರ ಸೆಪ್ಟೆಂಬರ್‌ನಿಂದ 1600 ವ್ಯಾಟ್ ಮೀರಿದ ಯಂತ್ರ ಮಾರಬಾರದು ಎಂದು ನಿಯಮ ಬಂತು. 2017ರಲ್ಲಿ ಅದನ್ನು 900 ವ್ಯಾಟ್‌ಗೆ ಇಳಿಸಿದರು. ಕಾರ್ಪೆಟ್ ತುಂಬಿದ ಅಲ್ಲಿನ ಮನೆಗಳೇ 900 ವ್ಯಾಟ್‌ನಲ್ಲಿ ಸ್ವಚ್ಛವಾಗುತ್ತಿವೆ. ಟೈಲ್ಸ್ ನೆಲದ ಮುಲುಂಡ್ ಮನೆಗೆ 2000 ಯಾಕೆ? ಇನ್ನೊಂದು ಮಾತು: 2000 ವ್ಯಾಟ್ ಎಂದರೆ ಸುಮಾರು 9 ಆಂಪಿಯರ್. ಅದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು. ಹಳೇ ಫ್ಲ್ಯಾಟ್‌ಗಳಲ್ಲಿ ಅದು ಇರುವುದು ಅಡುಗೆಮನೆಯಲ್ಲಿ, ಗೀಸರ್ ಹತ್ತಿರ, ಎಸಿ ಹತ್ತಿರ. ಸೋಫಾ ಪಕ್ಕದಲ್ಲಿ ಇರುವುದು 6 ಆಂಪಿಯರ್‌ನದ್ದು. ಅಡಾಪ್ಟರ್ ಹಾಕಿ ಓಡಿಸಿ ಸಾಕೆಟ್ ಕರಗಿಸಿಕೊಂಡ ಮನೆಗಳನ್ನು ನಾನೇ ನೋಡಿದ್ದೇನೆ.

ಇನ್ನು ಪಾಸ್ಕಲ್, ಅಂದರೆ ಎಳೆತದ ಅಳತೆ. ಅಂಗಡಿಯಲ್ಲಿ ಪೈಪಿನ ಬಾಯಿಯನ್ನು ನಿಮ್ಮ ಅಂಗೈಗೆ ಇಟ್ಟು ‘ಎಷ್ಟು ಹಿಡಿತ ನೋಡಿ’ ಎನ್ನುತ್ತಾರಲ್ಲ, ಅದೇ ಅದು. ಬಾಯಿ ಪೂರ್ತಿ ಮುಚ್ಚಿದಾಗಿನ ಎಳೆತ. ಆಗ ಪೈಪಿನಲ್ಲಿ ಗಾಳಿಯೇ ಓಡುವುದಿಲ್ಲ. ಗಾಳಿ ಓಡದಿದ್ದರೆ ಧೂಳೂ ಓಡುವುದಿಲ್ಲ. ಬಾಯಿ ಪೂರ್ತಿ ತೆರೆದರೆ ಗಾಳಿ ಜೋರು, ಎಳೆತ ಇಲ್ಲ. ಎಳೆತ ಮತ್ತು ಗಾಳಿಯ ಹರಿವು ಎರಡನ್ನೂ ಗುಣಿಸಿದರೆ ಬರುವುದು ಏರ್ ವ್ಯಾಟ್. ಒಂದು ಸೊನ್ನೆಯಾದರೆ ಗುಣಿಸಿದ್ದೂ ಸೊನ್ನೆ. ಹಾಗಾಗಿ ಡಬ್ಬದ ಮೇಲೆ ಏರ್ ವ್ಯಾಟ್ ಬರೆದಿದ್ದರೆ ನೋಡಿ. ಇಲ್ಲದಿದ್ದರೆ ತಕ್ಕಡಿ ಮತ್ತು ರವೆ.

ಪರೀಕ್ಷೆಯ ಅಂಕಿಯಲ್ಲೂ ಒಂದು ಸೂಕ್ಷ್ಮ ಇದೆ. ಯುರೋಪಿನಲ್ಲಿ ಫ್ರಿಜ್ ಮೇಲಿರುವಂಥ ಲೇಬಲ್ ವ್ಯಾಕ್ಯೂಮ್ ಕ್ಲೀನರ್‌ಗೂ ಅಂಟಿಸುತ್ತಿದ್ದರು. ಆದರೆ ಪರೀಕ್ಷೆ ಮಾಡುತ್ತಿದ್ದದ್ದು ಧೂಳಿನ ಚೀಲ ಖಾಲಿ ಇದ್ದಾಗ. ಡೈಸನ್ ಕೋರ್ಟಿಗೆ ಹೋಯಿತು, 2018ರ ನವೆಂಬರ್‌ನಲ್ಲಿ ಆ ಲೇಬಲ್ ನಿಯಮವೇ ರದ್ದಾಯಿತು. ಮನೆಗೆ ಬರುವ ಡೆಮೊ ಯಂತ್ರದಲ್ಲೂ ಚೀಲ ಖಾಲಿ, ಫಿಲ್ಟರ್ ಹೊಸದು. ಅರ್ಧ ತುಂಬಿದ ಚೀಲದಲ್ಲಿ ತೋರಿಸು ಎಂದು ಕೇಳಿ ನೋಡಿ.

ಫಿಲ್ಟರ್ ಮೇಲೆ ಬರೆಯುವ ‘ಹೆಪಾ’ ಎಂಬ ಶಬ್ದಕ್ಕೆ ಅರ್ಥ ಇದೆ, ಅತಿ ನವಿರು ಧೂಳನ್ನೂ ಹಿಡಿಯುವ ಫಿಲ್ಟರ್ ಎಂದು. 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುವುದು ಅಮೆರಿಕದ ಅಳತೆ. ಯುರೋಪಿನಲ್ಲಿ ಎಚ್13 ಎಂದರೆ ಶೇ. 99.95. ‘ಹೆಪಾ ಟೈಪ್’, ‘ಹೆಪಾ ತರಹದ’ ಎಂದು ಬರೆದಿದ್ದರೆ ಅದಕ್ಕೆ ಯಾವ ಅಳತೆಯೂ ಇಲ್ಲ. ಫಿಲ್ಟರ್ ಒಳ್ಳೆಯದಿದ್ದರೂ ಸುತ್ತಲಿನ ರಬ್ಬರ್ ಸರಿಯಾಗಿ ಕೂರದಿದ್ದರೆ ನವಿರು ಧೂಳು ಹಿಂದಿನಿಂದ ಮತ್ತೆ ರೂಮಿಗೇ ಬರುತ್ತದೆ. ಯಾವ ಯಂತ್ರವೇ ಆಗಲಿ, ಓಡಿಸುವಾಗ ಅತ್ತೆಯನ್ನು ಬೇರೆ ರೂಮಿನಲ್ಲಿ ಕೂರಿಸಿ, ಕಿಟಕಿ ತೆರೆದಿಡಿ, ಅರ್ಧ ಗಂಟೆ ಬಿಟ್ಟು ಒಳಗೆ ಕರೆಯಿರಿ.

ಮಗಳ ರೋಬೋ ಒಳ್ಳೆಯ ವಸ್ತುವೇ. ಆದರೆ ಅದರ ಕೆಲಸ ನೆಲದ್ದು. ನಿಮ್ಮ ನೆಲವನ್ನು ಮಾವ್ಶಿ ದಿನಾ ಗುಡಿಸುತ್ತಾಳೆ. ಹಾಸಿಗೆ, ಕರ್ಟನ್, ಫ್ಯಾನ್ ರೆಕ್ಕೆ, ಸ್ಲೈಡಿಂಗ್ ಕಿಟಕಿಯ ಹಳಿ, ಇಲ್ಲಿಗೆಲ್ಲ ಅದು ಹತ್ತುವುದಿಲ್ಲ. ಬಾತ್‌ರೂಮ್ ಮುಂದಿನ ಕಲ್ಲಿನ ಹೊಸ್ತಿಲು, ನೆಲದ ಮೇಲಿನ ಚಾರ್ಜರ್ ವಯರು, ಒಣಗುವ ಬಟ್ಟೆಯ ಸ್ಟ್ಯಾಂಡ್ ಎಲ್ಲವೂ ಅದಕ್ಕೆ ಅಡ್ಡಿ. ಮಗಳಿಗೆ ಬೇಜಾರಾಗದ ಹಾಗೆ ಹೇಳಿ. ಬ್ಯಾಟರಿಯಲ್ಲಿ ಓಡುವ, ವಯರಿಲ್ಲದ ಕಡ್ಡಿಯಂಥ ಯಂತ್ರ ಕೇಳಿದರೆ, ‘60 ನಿಮಿಷ’ ಎನ್ನುವುದು ಅತಿ ಕಡಿಮೆ ವೇಗದಲ್ಲಿ. ಹಾಸಿಗೆಗೆ ಬೇಕಾದ ಜೋರಿನಲ್ಲಿ ಎಷ್ಟು ನಿಮಿಷ ಬರುತ್ತದೆ, ಬದಲಿ ಬ್ಯಾಟರಿಗೆ ಎಷ್ಟು ಎಂದು ಕೇಳಿಯೇ ಕೊಳ್ಳಿ.

ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಕಣ್ಣು ತೆರೆದಿರಲಿ. ಅಲ್ಲಿ ನಿಮ್ಮನ್ನು ಮಾತಾಡಿಸುವ ಹುಡುಗ ಎಷ್ಟೋ ಸಲ ಅಂಗಡಿಯವನಲ್ಲ. ಒಂದು ಬ್ರ್ಯಾಂಡ್ ಸಂಬಳ ಕೊಟ್ಟು ನಿಲ್ಲಿಸಿದ ಡೆಮಾನ್‌ಸ್ಟ್ರೇಟರ್. ಪೀಸ್ ಲೆಕ್ಕದಲ್ಲಿ ಅವನಿಗೆ ಇನ್ಸೆಂಟಿವ್. ‘ನೀನು ಯಾವ ಕಂಪನಿಯವನಪ್ಪಾ?’ ಎಂದು ಕೇಳಿದರೆ ಹೇಳುತ್ತಾನೆ. ಆನ್‌ಲೈನ್‌ನಲ್ಲಿ ಮೊದಲು ಕಾಣುವವು ದುಡ್ಡು ಕೊಟ್ಟು ಮೇಲಿಟ್ಟವು. ಐದು ಸ್ಟಾರ್ ಬಿಟ್ಟು ಮೂರು ಸ್ಟಾರ್‌ನ ಅಭಿಪ್ರಾಯ ಓದಿ, ಅದರಲ್ಲೂ ಆರು ತಿಂಗಳು ಬಳಸಿದವರದ್ದು. ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರ್‌ನಿಂದ ನಿಷೇಧಿಸಿದ್ದಾರೆ. ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂಥ 13 ತಂತ್ರಗಳನ್ನು ಪಟ್ಟಿ ಮಾಡಿದೆ.

ಮನೆಗೆ ಬಂದು ಮಾರುವವರಿಗೂ ಕಾನೂನು ಇದೆ. ನೇರ ಮಾರಾಟದ ನಿಯಮಗಳು 2021ರ ಡಿಸೆಂಬರ್‌ನಲ್ಲಿ ಬಂದವು. ಅದರ ಪ್ರಕಾರ ಮಾರಾಟಗಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಮನೆಗೆ ಬರಬಾರದು. ಬೆಲೆ, ವಾಪಸಿನ ಷರತ್ತು, ಗ್ಯಾರಂಟಿ, ಸರ್ವಿಸ್ ಎಲ್ಲ ತಿಳಿಸಬೇಕು. ಅಲ್ಲಿ ಹೇಳಿರುವ ‘ಕೂಲಿಂಗ್ ಆಫ್’ ಅವಧಿ ಕೊಳ್ಳುವ ನಮಗಲ್ಲ, ಕಂಪನಿಗೆ ಸೇರುವ ಮಾರಾಟಗಾರನಿಗೆ. ಹಾಗಾಗಿ ‘ಬೇಡವಾದರೆ ವಾಪಸ್ ಕೊಡಿ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ಬಿಲ್ ಮೇಲೆ ಬರೆಸಿಕೊಳ್ಳಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವು ಇರುವ ಊರಿನಿಂದಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ.

ಗ್ಯಾರಂಟಿ ಓದುವಾಗ ಒಂದೇ ಒಂದು ಕಡೆ ಬೆರಳಿಡಿ. ‘ಮೋಟಾರ್‌ಗೆ 5 ವರ್ಷ’ ಎಂದು ದೊಡ್ಡದಾಗಿ ಬರೆದಿರುತ್ತದೆ. ನನ್ನ ಮೇಜಿಗೆ ಬರುವ ಯಂತ್ರಗಳಲ್ಲಿ ಹೋಗಿರುವುದು ಮೋಟಾರ್ ಅಲ್ಲ. ಪೈಪ್ ಬಿರುಕು ಬಿಟ್ಟಿರುತ್ತದೆ, ಸ್ವಿಚ್ ಹೋಗಿರುತ್ತದೆ, ವಯರ್ ಸುತ್ತುವ ಸ್ಪ್ರಿಂಗ್ ತುಂಡಾಗಿರುತ್ತದೆ, ಮೋಟಾರಿಗೆ ಕರೆಂಟ್ ತಲುಪಿಸುವ ಪುಟ್ಟ ಕಾರ್ಬನ್ ಬ್ರಷ್ ಸವೆದಿರುತ್ತದೆ. ಆ ಬ್ರಷ್ ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ಕಡೆ ಹುಡುಕಿದರೆ ಸಿಕ್ಕೀತು. ಆ ಮಾಡೆಲ್‌ನ ಪೈಪು, ಚೀಲ, ಫಿಲ್ಟರ್ ಕಂಪನಿಯೇ ಕೊಡಬೇಕು. ಕೊಳ್ಳುವ ಮೊದಲೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ, ಈ ಮಾಡೆಲ್‌ನ ಪೈಪ್ ಇದೆಯಾ, ಫಿಲ್ಟರ್ ಎಷ್ಟು ಎಂದು ಕೇಳಿ. ಎರಡು ನಿಮಿಷದ ಕೆಲಸ. ಅವರು ಕೊಡುವ ಉತ್ತರದಲ್ಲೇ ಮುಂದಿನ ಐದು ವರ್ಷ ಕಾಣುತ್ತದೆ.

ನಿಮ್ಮ ಮನೆಗೆ ನನ್ನ ಸಲಹೆ: 1000ದಿಂದ 1400 ವ್ಯಾಟ್ ಒಳಗಿನ, ಚೀಲ ಹಾಕುವ, ನೀವು ಒಂದು ಕೈಯಲ್ಲಿ ಎತ್ತಬಲ್ಲ ಸಣ್ಣ ಯಂತ್ರ. ಚೀಲದ್ದು ಯಾಕೆಂದರೆ ಖಾಲಿ ಮಾಡುವಾಗ ಧೂಳು ಮುಖಕ್ಕೆ ಹಾರುವುದಿಲ್ಲ, ಅತ್ತೆಗೂ ಒಳ್ಳೆಯದು. ಕಿರಿದಾದ ಸಂದಿಗೆ ಹೋಗುವ ಮೂತಿ ಮತ್ತು ಹಾಸಿಗೆಯ ಅಗಲ ಮೂತಿ ಜೊತೆಯಲ್ಲೇ ಇರಬೇಕು. ಐದರಿಂದ ಹತ್ತು ಸಾವಿರದೊಳಗೆ ಇಂಥದ್ದು ಸಿಗುತ್ತದೆ. ಲಾಫ್ಟ್‌ಗೆ ಹಾಕಬೇಡಿ. ಮಂಚದ ಕೆಳಗೋ ಬಾಗಿಲ ಹಿಂದೆಯೋ ಕೈಗೆ ಸಿಗುವ ಜಾಗ ಮೊದಲು ಗೊತ್ತು ಮಾಡಿ, ಆ ಜಾಗ ಅಳೆದುಕೊಂಡು ಅಂಗಡಿಗೆ ಹೋಗಿ. ಉಳಿದ ದುಡ್ಡಿನಲ್ಲಿ ಹಾಸಿಗೆಯ ಕವರ್ ತನ್ನಿ, ಅತ್ತೆಯನ್ನು ಡಾಕ್ಟರ್‌ಗೆ ತೋರಿಸಿ.

ಶನಿವಾರ ಹುಡುಗ ಫೋನ್ ಮಾಡಿದಾಗ ಸಿಟ್ಟಾಗಬೇಡಿ. ತಿಂಗಳ ಟಾರ್ಗೆಟ್ ಹೊತ್ತು ಬಿಸಿಲಲ್ಲಿ ಅಲೆಯುವ ಮಗು ಅದು. ಮಾಡೆಲ್ ಹೆಸರು, ಒಟ್ಟಿಗೆ ಕೊಟ್ಟರೆ ಆಗುವ ಬೆಲೆ, ವಾಪಸಿನ ಷರತ್ತು, ಫಿಲ್ಟರಿನ ರೇಟು, ಈ ನಾಲ್ಕನ್ನೂ ಕಂಪನಿಯ ಹೆಸರಿನಲ್ಲಿ ಬರೆದು ಕಳಿಸು ಎಂದು ಹೇಳಿ. ಕಳಿಸಿದರೆ ಮತ್ತೊಮ್ಮೆ ಬರಲು ಹೇಳಿ, ತಕ್ಕಡಿ ಮತ್ತು 50 ಗ್ರಾಂ ರವೆ ತಯಾರಿಟ್ಟುಕೊಳ್ಳಿ. ಪಕ್ಕದ ಮನೆಯವರ ಯಂತ್ರವನ್ನೂ ಶುಕ್ರವಾರ ರಾತ್ರಿಯೇ ಕೇಳಿ ತಂದಿಡಿ.